ನಾನು ಕೆಡಿಸಿದ ಬೇಸ್ ಗಿಟಾರ್

ವಾದ್ಯಗಳ ರಿಪೇರಿ ಕಲಿಯಬೇಕೆಂದು ಈಚೆಗೆ ಕೆಲವರು ಹುಬ್ಬಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಗಿಟಾರಿನ ಯಾವ ಸ್ಕ್ರೂ ಎತ್ತ ತಿರುಗಿಸಬೇಕು, ಎಷ್ಟು ತಿರುಗಿಸಬೇಕು ಎಂದು ಕೇಳುತ್ತಾರೆ. ಅದನ್ನು ಅರ್ಧ ದಿನದಲ್ಲಿ ತೋರಿಸಿ ಕಳಿಸುತ್ತೇನೆ. ಆದರೆ ಬೇಕೆಂದೇ ಅರ್ಧ ಸುತ್ತು ಹೆಚ್ಚು ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಅದನ್ನು ಬರೆದಿಡಬೇಕೆಂದು ಈ ವಾರ ಮೂರು ಸಲ ಕುಳಿತೆ. ಮೂರು ಸಲವೂ ಏನೋ ನೆಪ ಮಾಡಿಕೊಂಡು ಎದ್ದುಹೋದೆ. ಇವತ್ತು ನನ್ನ ಹೆಂಡತಿ ವಿಮಲಾ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಾಳೆ. ಏಳುವ ಹಾಗಿಲ್ಲ.

ನಾನು ಮೂಲತಃ ರೇಡಿಯೊ ಮೆಕ್ಯಾನಿಕ್. ಹುಬ್ಬಳ್ಳಿಯಲ್ಲಿ ಚಹಾದಂಗಡಿ, ಕ್ಷೌರದಂಗಡಿಗಳ ರೇಡಿಯೊ ರಿಪೇರಿ ಮಾಡುತ್ತಿದ್ದೆ. ಟೇಪ್ ರೆಕಾರ್ಡರ್ ಬಂತು, ಟಿವಿ ಬಂತು, ಆಮೇಲೆ ರಿಪೇರಿ ಮಾಡಿಸುವವರೇ ಕಡಿಮೆಯಾದರು. ತೊಂಬತ್ತರ ದಶಕದ ಕೊನೆಗೆ ಪರಿಚಯದವರೊಬ್ಬರ ಮೂಲಕ ಮಸ್ಕತ್ತಿನ ಒಂದು ವಾದ್ಯದಂಗಡಿಗೆ ಆಂಪ್ಲಿಫೈಯರ್ ರಿಪೇರಿಗೆಂದು ಹೋದೆ. ಅಂಗಡಿ ಇದ್ದದ್ದು ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ, ನಮ್ಮ ಬಾಯಲ್ಲಿ ಎಂಕ್ಯೂ. ಮನೆ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಅಂಗಡಿಯ ಕಫೀಲ್, ಅಂದರೆ ಹೆಸರಿಗೆ ಮಾಲೀಕರಾದ ಒಮಾನಿ, ವರ್ಷಕ್ಕೆ ಎರಡು ಸಲ ಬಂದು ಚಹಾ ಕುಡಿದು ಹೋಗುತ್ತಿದ್ದರು. ಎಲ್ಲ ನಡೆಸುತ್ತಿದ್ದವರು ಮ್ಯಾನೇಜರ್ ಹಮೀದ್ ಸಾಹೇಬರು, ಬಂಟ್ವಾಳದ ಕಡೆಯ ಬ್ಯಾರಿ. ಅವರಿಗೆ ಒಂದು ವಾದ್ಯವೂ ನುಡಿಸಲು ಬರುತ್ತಿರಲಿಲ್ಲ. ಆದರೆ ಗಿರಾಕಿ ಬಾಗಿಲು ದೂಡುವ ರೀತಿ ನೋಡಿಯೇ ಕೊಳ್ಳುವವನೋ, ಎಸಿಯಲ್ಲಿ ತಣ್ಣಗಾಗಲು ಬಂದವನೋ ಎಂದು ಹೇಳುತ್ತಿದ್ದರು.

ಗಿಟಾರ್ ಕೆಲಸ ನನಗೆ ಯಾರೂ ಕಲಿಸಲಿಲ್ಲ. ನನಗಿಂತ ಮೊದಲಿದ್ದ ಫಿಲಿಪೀನ್ಸಿನವನು ಬಿಟ್ಟುಹೋದ ಜಾಗ ಖಾಲಿ ಇತ್ತು. "ಸ್ಕ್ರೂ ಡ್ರೈವರ್ ಹಿಡಿಲಿಕ್ಕೆ ಬರ್ತದಲ್ಲ, ಇದನ್ನೂ ನೋಡಿ" ಎಂದು ಹಮೀದ್ ಸಾಹೇಬರು ನನ್ನನ್ನು ಅಲ್ಲಿ ಕೂರಿಸಿದರು. ಮೊದಲ ತಿಂಗಳೇ ಒಬ್ಬ ಇಂಗ್ಲಿಷ್ ಮೇಡಂ ತಂದ ಗಿಟಾರಿನ ಮೇಲೆ ಅಂಟಿಕೊಂಡಿದ್ದ ಸ್ಟಿಕರಿನ ಜಿಗುಟು ತೆಗೆಯಲು ಥಿನ್ನರ್ ಹಾಕಿ ಉಜ್ಜಿದೆ. ರೇಡಿಯೊ ಡಬ್ಬಕ್ಕೆ ಹಾಗೆಯೇ ಮಾಡುತ್ತಿದ್ದೆವು. ಗಿಟಾರಿನ ಪಾಲಿಶ್ ಕರಗಿ ನನ್ನ ಬೆರಳಚ್ಚು ಅದರ ಮೇಲೆ ಮೂಡಿತು. ಹಮೀದ್ ಸಾಹೇಬರು ನೋಡಿದರು, ನನ್ನನ್ನು ಬೈಯಲಿಲ್ಲ, ನೇರ ಫೋನೆತ್ತಿ ಆ ಮೇಡಂಗೆ ಹೇಳಿಯೇಬಿಟ್ಟರು. ಫೋನಿಟ್ಟು ನನಗೆ ಅಂದರು: "ಅವರು ಬಂದು ನೋಡಿದ ಮೇಲೆ ಹೇಳಿದ್ರೆ ಅದು ಸಮಜಾಯಿಷಿ ಆಗ್ತದೆ. ಮೊದಲೇ ಹೇಳಿದ್ರೆ ಸುದ್ದಿ ಅಷ್ಟೆ. ಗೊತ್ತಾಯ್ತಾ ಬಸವರಾಜಣ್ಣ?"

ಗೊತ್ತಾಯಿತು ಅಂದುಕೊಂಡಿದ್ದೆ.

ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕೂವರೆಗೆ ತೆರೆಯುತ್ತಿತ್ತು. ಆ ಬಿಸಿಲಲ್ಲಿ ಮವಾಲೇಹ್‌ಗೆ ಹೋಗಿ ಬರುವ ಬದಲು ನಾನು ಒಳಗೇ ಉಳಿದು, ವಿಮಲಾ ಕಟ್ಟಿಕೊಟ್ಟ ರೊಟ್ಟಿ ತಿಂದು, ವಾದ್ಯಗಳನ್ನು ಬಿಚ್ಚಿ ನೋಡುತ್ತ ಕಲಿತೆ. ಬಿಚ್ಚಿದ್ದನ್ನು ಜೋಡಿಸಲಾಗದೆ ಪರದಾಡಿ ಕಲಿತೆ. ಶ್ರುತಿ ಮಾಡಲು ಮೊದಲು ಕಿವಿಯೇ ಗತಿ. ಆಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯೂನರ್ ಬಂತು, ಹಸಿರು ದೀಪ ಹತ್ತಿದರೆ ಸರಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯೊಳಗೆ ಬಿಟ್ಟ ಗಿಟಾರ್‌ಗಳು ಅಂಟು ಬಿಟ್ಟುಕೊಂಡು ಬರುತ್ತಿದ್ದವು, ಅವನ್ನು ಕೂಡಿಸುವುದು ಕಲಿತೆ. ಐದಾರು ವರ್ಷದಲ್ಲಿ ದೂರದ ಸೀಬ್‌ನಿಂದಲೂ ಜನ ಹುಡುಕಿಕೊಂಡು ಬರುವಷ್ಟು ಕೈ ಕುದುರಿತು. ಆದರೆ ನುಡಿಸಲು ಕಲಿಯಲಿಲ್ಲ. ರಿಪೇರಿಯಾದ ಮೇಲೆ ಪರೀಕ್ಷಿಸಲು ಒಂದೊಂದೇ ತಂತಿ ಮೀಟುತ್ತಿದ್ದೆ, ಅಷ್ಟೇ.

ಸಾಲಿಂ ಅವರು ಬಂದದ್ದು ಒಂದು ಚಳಿಗಾಲದ ಬೆಳಗ್ಗೆ. ಅರವತ್ತು ದಾಟಿದ ಒಮಾನಿ, ಸೀಬ್‌ನವರು. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ದಿಶ್‌ದಾಶಾ, ಕಸೂತಿ ಟೋಪಿ, ಬಲಗೈ ಜೇಬಿನೊಳಗೆ. ಅವರ ಹಿಂದೆ ಟ್ಯಾಕ್ಸಿಯವನು ಉದ್ದದೊಂದು ಕಪ್ಪು ಪೆಟ್ಟಿಗೆ ಹೊತ್ತು ತಂದು ಬೆಂಚಿನ ಮೇಲಿಟ್ಟ. ಸಾಲಿಂ ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು, ನಡುನಡುವೆ ಅರಬ್ಬಿ. ಪೆಟ್ಟಿಗೆಯನ್ನು ಎಡಗೈಯಿಂದ ತೆರೆದರು.

ನಾಲ್ಕು ತಂತಿಯ ಬೇಸ್ ಗಿಟಾರ್. ಹಳೆಯ ಮಾದರಿಯದು. ಅದೇ ನಮೂನೆಯನ್ನು ಈಗಲೂ ಹತ್ತಾರು ಕಾರ್ಖಾನೆಗಳು ಮಾಡುತ್ತವೆ, ಆದರೆ ಇದು ಆ ಕಾಲದ್ದೇ. ಅಂಚಿಗೆ ಕಪ್ಪು, ನಡುವಿಗೆ ಬರುತ್ತ ಬೆಲ್ಲದ ಪಾಕದ ಬಣ್ಣ. ಎರಡು ಗುಂಡಿ, ತಂತಿಯ ಸದ್ದು ಹಿಡಿಯುವ ಒಂದು ಪಿಕಪ್, ಮತ್ತೇನೂ ಇಲ್ಲ. ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಸವೆದು ಬರೀ ಮರ ಕಾಣುತ್ತಿತ್ತು.

"ಇಂಗ್ಲೆಂಡಿಗೆ ತರಬೇತಿಗೆ ಹೋದಾಗ ಕೊಂಡದ್ದು," ಎಂದರು. "ನಾನು ಸರ್ಕಾರಿ ಬ್ಯಾಂಡಿನಲ್ಲಿದ್ದೆ. ಬೆಳಗ್ಗೆ ಪೆರೇಡಿಗೆ ತುತ್ತೂರಿ, ಸಂಜೆ ಪಾರ್ಟಿಗಳಿಗೆ ಇದು. ಎರಡು ವರ್ಷದ ಹಿಂದೆ ಈ ಕೈಗೆ ಲಕ್ವ ಹೊಡೆಯಿತು. ಮನೆಯಲ್ಲಿ ಯಾರಿಗೂ ಬೇಡ. ನುಡಿಸುವವರಿಗೆ ಮಾರಿಕೊಡಿ." ತಾವೇ ಒಂದು ಬೆಲೆ ಹೇಳಿದರು. ಅಂಥ ವಾದ್ಯಕ್ಕೆ ಅದು ಹೆಚ್ಚಲ್ಲ. ನನ್ನಂಥವನಿಗೆ ಕೈಗೆಟುಕುವುದೂ ಅಲ್ಲ.

ಅವತ್ತು ಮಧ್ಯಾಹ್ನ ಶಟರ್ ಎಳೆದ ಮೇಲೆ ಅದನ್ನು ಆಂಪ್‌ಗೆ ಜೋಡಿಸಿ ದಪ್ಪ ತಂತಿ ಮೀಟಿದೆ. ಬೆಂಚಿನ ಮೇಲಿದ್ದ ಸ್ಟೀಲ್ ಲೋಟ ನಡುಗಿತು, ಅದರೊಳಗಿನ ಚಹಾದಲ್ಲಿ ಸಣ್ಣ ಬಳೆಗಳೆದ್ದವು. ನನ್ನ ಎದೆಯೊಳಗೇ ಯಾರೋ ಮಾತಾಡಿದ ಹಾಗಾಯಿತು. ಬೇರೆ ಬೇಸ್‌ಗಳನ್ನು ಮೀಟಿರಲಿಲ್ಲವೇ ಎಂದರೆ ಮೀಟಿದ್ದೆ. ಇದರ ದನಿ ಬೇರೆ. ನಾನು ಜೀವಮಾನವೆಲ್ಲ ಹಾಡು ಕೇಳಿದ್ದು ಅಂಗೈಯಗಲದ ಸ್ಪೀಕರಿನಲ್ಲಿ. ಆ ಸ್ಪೀಕರುಗಳಲ್ಲಿ ಕೆಳಗಿನ ಸ್ವರಗಳು ಬರುವುದೇ ಇಲ್ಲ. ಬಾಯಿಪಾಠವಾಗಿದ್ದ ಹಾಡುಗಳಿಗೆಲ್ಲ ಕೆಳಗೊಂದು ನೆಲ ಇತ್ತು, ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ ಎಂದು ಅವತ್ತು ತಿಳಿಯಿತು. ಐವತ್ತರ ಹತ್ತಿರದ ಮನುಷ್ಯ, ಊರವರ ರೇಡಿಯೊ, ಊರವರ ಗಿಟಾರ್ ಸರಿಮಾಡುತ್ತಲೇ ಬಂದವನು, ನನ್ನದು ಅಂತ ಒಂದು ವಾದ್ಯ ಇರಲಿಲ್ಲ. ಇದು ನನಗೆ ಬೇಕು ಅನ್ನಿಸಿತು. ಬೇಕೇ ಬೇಕು ಅನ್ನಿಸಿತು.

ಮನೆಗೆ ಹೋಗಿ ವಿಮಲಾಗೆ ಹೇಳಿದೆ.

"ಬಾರಸಾಕ ಬರ್ತೈತೇನು ನಿಮಗ?" ಎಂದಳು.

"ಇಲ್ಲ."

"ಮತ್ತ ಯಾಕ?"

ಸಿಟ್ಟು ಬಂತು, ತಟ್ಟೆ ಸರಿಸಿ ಎದ್ದೆ.

ಮುಂದಿನ ದಿನಗಳಲ್ಲಿ ಅಂಗಡಿಯ ಬಾಗಿಲಿನ ಗಂಟೆ ಸದ್ದಾದರೆ ಸಾಕು, ಕೆಲಸ ಬಿಟ್ಟು ತಲೆ ಎತ್ತುತ್ತಿದ್ದೆ. ಬಂದವನು ಆ ಬೇಸ್ ತೂಗುಹಾಕಿದ್ದ ಗೋಡೆಯ ಮೂಲೆ ನೋಡಿದನೋ? ಕೈ ಎತ್ತಿ ತೋರಿಸಿದನೋ? ಬೆಸುಗೆ ಹಾಕುತ್ತಿದ್ದವನು ಕೈ ಸುಟ್ಟುಕೊಂಡೆ. ಒಬ್ಬರ ಗಿಟಾರಿನ ತಂತಿ ಇನ್ನೊಬ್ಬರದಕ್ಕೆ ಹಾಕಿದೆ. ಎರಡನೇ ವಾರ ಒಬ್ಬ ಗಿರಾಕಿ ಅದನ್ನು ಕೆಳಗಿಳಿಸಿ ಅರ್ಧ ಗಂಟೆ ನುಡಿಸಿ, ಶನಿವಾರ ಬರುತ್ತೇನೆ ಎಂದು ಹೇಳಿ ಹೋದ.

ಆ ಗುರುವಾರ ಮಧ್ಯಾಹ್ನ ನಾನು ಆ ಕೆಲಸ ಮಾಡಿದೆ.

ಗಿಟಾರಿನ ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ತಂತಿಗಳು ಕತ್ತನ್ನು ಮುಂದಕ್ಕೆ ಎಳೆಯುತ್ತವೆ, ಸರಳು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡರ ನಡುವೆ ಹದ ತಪ್ಪಿದರೆ ತಂತಿ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ತಾಗಿ ಝರ್ ಝರ್ ಎನ್ನುತ್ತದೆ. ಈ ಹಳೆಯ ಮಾದರಿಯಲ್ಲಿ ಸರಳಿನ ತಿರುಪು ಕತ್ತಿನ ಬುಡದಲ್ಲಿ ಅಡಗಿರುತ್ತದೆ. ಅದನ್ನು ಮುಟ್ಟಬೇಕಾದರೆ ತಂತಿ ಸಡಿಲಿಸಿ, ಹಿಂದಿನ ನಾಲ್ಕು ಸ್ಕ್ರೂ ತೆಗೆದು, ಕತ್ತನ್ನೇ ಬೇರ್ಪಡಿಸಬೇಕು. ಕೈತಪ್ಪಿ ಆಗುವ ಕೆಲಸ ಅಲ್ಲ ಎಂದು ನಿಮಗೆ ತಿಳಿಯಲಿ ಅಂತ ಇಷ್ಟು ವಿವರ ಹೇಳಿದೆ. ನಾನು ಕತ್ತು ಬಿಚ್ಚಿದೆ, ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದೆ, ಮತ್ತೆ ಜೋಡಿಸಿ, ಒರೆಸಿ, ಗೋಡೆಗೆ ತೂಗುಹಾಕಿದೆ. ಹೊರಗೆ ಯಾರಿಗೂ ಏನೂ ಕಾಣುವಂತಿರಲಿಲ್ಲ. ಶನಿವಾರ ಆ ಗಿರಾಕಿ ಬಂದ, ನುಡಿಸಿದ, ಹುಬ್ಬು ಗಂಟಿಕ್ಕಿದ, ಹೋದ.

ನನಗೆ ಹಗುರಾಯಿತು. ನಾಚಿಕೆ ಬರಲಿಲ್ಲ, ಇದನ್ನೂ ಹೇಳಬೇಕು. ನಾನೇನು ಕದ್ದಿಲ್ಲವಲ್ಲ, ಯಾವಾಗ ಬೇಕಾದರೂ ಸರಿ ಮಾಡಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಮೆಲ್ವಿನ್ ಬಂದರು. ಮಂಗಳೂರಿನ ಕೊಂಕಣಿಯವರು, ಒಂದು ಹೋಟೆಲಿನ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರು. ರಜೆ ಮುಗಿಸಿ ಬರುವಾಗ ವಿಮಾನದ ಲಗೇಜಿನಲ್ಲಿ ಅವರ ಬೇಸ್ ಕತ್ತು ಮುರಿದುಕೊಂಡಿತ್ತು. ಗೋಡೆಯ ಮೇಲಿನದನ್ನು ನೋಡಿದ ಕೂಡಲೇ ಅವರ ಮುಖ ಅರಳಿತು. ಕೆಳಗಿಳಿಸಿ, ಭುಜಕ್ಕೆ ಬೆಲ್ಟ್ ಹಾಕಿ ತೂಕ ನೋಡಿದರು. ಆಂಪ್‌ಗೆ ಹಾಕುವ ಮೊದಲು ಸುಮ್ಮನೆ ಮೀಟಿ ಮರಕ್ಕೆ ಕಿವಿ ಇಟ್ಟರು. ಬೇಸ್ ಕೊಳ್ಳುವವರು ಹಾಗೆಯೇ ನೋಡಬೇಕು. ಮರ ಸತ್ತಿದ್ದರೆ ಆಂಪ್ ಅದನ್ನು ಎಬ್ಬಿಸಲಾರದು. ಆಮೇಲೆ ಬೆರಳು ಒಂದೊಂದೇ ಪಟ್ಟಿಯ ಮೇಲೆ ಇಟ್ಟು ಬಂದರು. ಝರ್. ಝರ್. ಝರ್.

"ಎಂತ ಮಾರಾಯ್ರೆ ಇದು? ಸರಿ ಮಾಡ್ಲಿಕ್ಕೆ ಆಗ್ತದಾ?" ಎಂದು ನನ್ನನ್ನು ಕೇಳಿದರು.

"ಕಟ್ಟಿಗಿ ತಿರುಚಿ ಬಿಟ್ಟೈತ್ರಿ," ಎಂದೆ. "ಹಳೇದು. ಮಾಡಿದ್ರೂ ಗ್ಯಾರಂಟಿ ಹೇಳಾಕ ಬರೂದಿಲ್ಲ."

ಹಾಗೆ ಹೇಳುವಾಗ ನನ್ನ ಧ್ವನಿ ಎಷ್ಟು ಖಚಿತವಾಗಿತ್ತೆಂದರೆ ನಾನೇ ನಂಬಿದೆ. ಅವರು ಮರುದಿನವೇ ವೇದಿಕೆ ಹತ್ತಬೇಕಿತ್ತು. ಹೊಸದೊಂದು ಅಗ್ಗದ ಬೇಸನ್ನು ನಾನೇ ತೋರಿಸಿದೆ, ತೆಗೆದುಕೊಂಡು ಹೋದರು. ಅದು ಸುಮಾರು ಮಾಲು. ಒಮ್ಮೆ ಗುಂಯ್ ಎನ್ನುತ್ತಿತ್ತು, ಒಮ್ಮೆ ಸದ್ದೇ ನಿಲ್ಲುತ್ತಿತ್ತು. ಎರಡು ವಾರಕ್ಕೊಮ್ಮೆ ಹೊತ್ತು ತರುತ್ತಿದ್ದರು. "ಮ್ಯಾನೇಜರ್ ನನ್ನನ್ನೇ ನೋಡ್ತಾನೆ, ನಾನೇ ತಪ್ಪು ನುಡಿಸಿದ ಹಾಗೆ," ಎನ್ನುತ್ತಿದ್ದರು. ನಾನು ಬೆಸುಗೆ ಹಾಕುವಷ್ಟು ಹೊತ್ತೂ ಅವರು ಗೋಡೆಯ ಕಡೆ ನೋಡುತ್ತ ನಿಂತಿರುತ್ತಿದ್ದರು. ಆಗ ಶುರುವಾಯಿತು ನನಗೆ. ನಿದ್ದೆ ಹರಿದು ಹರಿದು ಬರುತ್ತಿತ್ತು. ಊಟಕ್ಕೆ ಕುಳಿತರೆ ಕಾಲು ಕುಣಿಯುತ್ತಿತ್ತು. "ಆ ಕಾಲ ಒಂದ್ಕಡೆ ಇಡ್ರಿ, ತಾಟು ಅಲ್ಲಾಡಾಕತ್ತಾವು," ಎಂದು ವಿಮಲಾ ಗದರುತ್ತಿದ್ದಳು. ಸರಿ ಮಾಡಿಬಿಡೋಣ ಎಂದು ಎಷ್ಟೋ ಮಧ್ಯಾಹ್ನ ಆ ಬೇಸನ್ನು ಕೆಳಗಿಳಿಸಿದೆ. ಮೀಟಿದೆ. ಮತ್ತೆ ಹಾಗೆಯೇ ತೂಗುಹಾಕಿದೆ.

ನಾಲ್ಕು ತಿಂಗಳಾದ ಮೇಲೆ ಹಮೀದ್ ಸಾಹೇಬರು ಹೇಳಿದರು, "ಇದು ಹೋಗುವುದಿಲ್ಲ ಬಸವರಾಜಣ್ಣ. ಸಾಲಿಂ ಅವರಿಗೆ ಫೋನ್ ಮಾಡಿ ರೇಟು ಇಳಿಸ್ಲಿಕ್ಕೆ ಕೇಳ್ತೇನೆ." ನಾನು ಕಾದದ್ದೇ ಅದಕ್ಕೆ. ಬೆಲೆ ಅರ್ಧಕ್ಕೆ ಬಂದರೆ ನನ್ನ ಉಳಿತಾಯ ಸಾಲುತ್ತಿತ್ತು. ಅವರು ಫೋನಿನಲ್ಲಿ ಮಾತಾಡುವಾಗ ನಾನು ಬೆನ್ನು ತಿರುಗಿಸಿ ಇಲ್ಲದ ಧೂಳು ಒರೆಸುತ್ತ ನಿಂತೆ.

ಸಾಲಿಂ ಅವರು ಫೋನಿನಲ್ಲಿ ಹೂಂ ಎನ್ನಲಿಲ್ಲ. ಮರುದಿನ ತಾವೇ ಬಂದರು.

ಬಂದವರು ಕುಳಿತುಕೊಳ್ಳದೆ ಹಮೀದ್ ಸಾಹೇಬರ ಎದುರು ನಿಂತು ಹೇಳಿದರು: "ನನ್ನನ್ನು ಕ್ಷಮಿಸಬೇಕು. ಎರಡು ಬೇಸಿಗೆ ಅದನ್ನು ಉಗ್ರಾಣದಲ್ಲಿ ಎಸಿ ಇಲ್ಲದೆ ಇಟ್ಟಿದ್ದೆ. ಕೈ ಹೋದ ಮೇಲೆ ನೋಡುವ ಮನಸ್ಸಾಗಲಿಲ್ಲ. ಕೆಟ್ಟ ಮಾಲು ತಂದುಕೊಟ್ಟು ನಿಮ್ಮ ಅಂಗಡಿಯ ಹೆಸರು ಕೆಡಿಸಿದೆ. ಖಲಾಸ್, ಮನೆಗೆ ಒಯ್ಯುತ್ತೇನೆ."

ಅವರು ನನ್ನ ಕಡೆ ತಿರುಗಿ, "ಸ್ವಲ್ಪ ಇಳಿಸಿಕೊಡು, ಬಸು," ಎಂದರು.

ಇಳಿಸಿಕೊಟ್ಟೆ. ಈಗ ಕುಳಿತರು. ಬೇಸನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಇಟ್ಟರು. ಬಲಗೈ ತೊಡೆಯ ಪಕ್ಕ ಸುಮ್ಮನೆ ಬಿದ್ದಿತ್ತು. "ನೀನು ಮೀಟು," ಎಂದರು. ನಾನು ಅವರ ಪಕ್ಕ ಮೊಣಕಾಲೂರಿ ಮೀಟಿದೆ. ಝರ್. ಬೆರಳು ಒಂದು ಪಟ್ಟಿ ಮೇಲೆ ಸರಿಸಿದರು. ಮೀಟಿದೆ. ಝರ್. ಇನ್ನೊಂದು. ಮತ್ತೊಂದು. ಕತ್ತಿನ ನಡುವಿಗೆ ಬಂದಾಗ ಝರ್ ನಿಂತಿತು, ಸ್ವರ ಚೊಕ್ಕಟವಾಯಿತು. ಅವರು ಮತ್ತೆ ಕೆಳಗೆ ಹೋದರು, ಮತ್ತೆ ಮೇಲೆ ಬಂದರು. ಆಮೇಲೆ ಬೇಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಡಗಿ ಹಲಗೆ ನೋಡುವ ಹಾಗೆ, ಕತ್ತಿನ ಉದ್ದಕ್ಕೂ ನೋಡಿದರು.

"ಸೆಖೆಯಲ್ಲಿ ಬಿಟ್ಟ ಮರ ತಂತಿ ಎಳೆದ ಕಡೆಗೆ ಬಾಗುತ್ತದೆ," ಎಂದರು ನಿಧಾನವಾಗಿ. "ಇದು ಹಿಂದಕ್ಕೆ ಬಾಗಿದೆ. ತಾನಾಗಿ ಹಾಗೆ ಬಾಗುವುದಿಲ್ಲ. ಯಾರೋ ಒಳಗೆ ತಿರುಗಿಸಿದ್ದಾರೆ."

ಹಮೀದ್ ಸಾಹೇಬರು ನನ್ನ ಮುಖ ನೋಡಿದರು. ಆ ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಹಿಡಿಯುವವನು ನಾನೊಬ್ಬನೇ. ಆದರೂ ದಾರಿಗಳಿದ್ದವು. ಯಾವನೋ ಗಿರಾಕಿ ಇರಬಹುದು ಎನ್ನಬಹುದಿತ್ತು. ಸರಿಮಾಡಲು ಹೋಗಿ ಹೀಗಾಯಿತು ಎನ್ನಬಹುದಿತ್ತು, ಅದನ್ನು ಅವರು ನಂಬುತ್ತಲೂ ಇದ್ದರು. ಆದರೆ ಆ ಮನುಷ್ಯ ಒಂದು ನಿಮಿಷದ ಹಿಂದೆ ತನ್ನದಲ್ಲದ ತಪ್ಪಿಗೆ ನಿಂತುಕೊಂಡು ಕ್ಷಮೆ ಕೇಳಿದ್ದ.

"ನಾನೇ," ಎಂದೆ.

"ತಪ್ಪಿ?"

"ಅಲ್ಲ. ಬೇಕಂತಲೇ. ಯಾರೂ ಕೊಳ್ಳಬಾರದು ಅಂತ. ನನಗೆ ಬೇಕಾಗಿತ್ತು."

ಸಾಲಿಂ ಅವರು ನನ್ನನ್ನೇ ನೋಡುತ್ತ ಕೇಳಿದರು, "ನಿನಗೆ ನುಡಿಸಲು ಬರುತ್ತದೆಯೇ?"

"ಇಲ್ಲ."

ಅವರ ಮುಖದಲ್ಲಿ ಸಿಟ್ಟು ಬಂದದ್ದು ಆಗ. ಅಲ್ಲಿಯವರೆಗೆ ಬಂದಿರಲಿಲ್ಲ. "ಮೊದಲು ಸರಿ ಮಾಡು," ಎಂದರು. "ನನ್ನೆದುರಿಗೇ ಮಾಡು."

ಆ ಅರ್ಧ ಗಂಟೆಯಷ್ಟು ಉದ್ದದ ಅರ್ಧ ಗಂಟೆ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ನಾಲ್ಕು ಸ್ಕ್ರೂಗಳಲ್ಲಿ ಎರಡು ಕೈಯಿಂದ ಜಾರಿ ನೆಲಕ್ಕೆ ಬಿದ್ದವು. ಹಮೀದ್ ಸಾಹೇಬರು ಬಗ್ಗಿ ಹೆಕ್ಕಿ ಬೆಂಚಿನ ಮೇಲಿಟ್ಟರು, ನನ್ನ ಕೈಗೆ ಕೊಡಲಿಲ್ಲ. ತಿರುಪು ಸಡಿಲಿಸಿ, ಜೋಡಿಸಿ, ತಂತಿ ಏರಿಸಿ, ಶ್ರುತಿ ಮಾಡಿ ಅವರ ತೊಡೆಯ ಮೇಲಿಟ್ಟೆ. ಅವರು ಎಡಗೈ ಇಟ್ಟು, "ಮೀಟು," ಎಂದರು. ಮೀಟಿದೆ. ಸ್ವರ ಚೊಕ್ಕಟ. ಈಗ ಅವರು ನಿಲ್ಲಲಿಲ್ಲ, ಬೆರಳು ನಡೆಯತೊಡಗಿತು. ಯಾವ ತಂತಿಗೆ ಹೋಗುತ್ತಾರೆಂದು ನೋಡಿಕೊಂಡು ನಾನು ಹಿಂದೆಯೇ ಮೀಟುತ್ತ ಹೋದೆ. ತಪ್ಪಿದರೆ ಅವರು ಕಾದರು. ಅವರ ಎಡಗೈ, ನನ್ನ ಬಲಗೈ. ಯಾವುದೋ ಹಳೆಯ ಕುಣಿತದ ತಾಳ, ಒಂದೆರಡು ಸುತ್ತು ಬಂತು. ಆಮೇಲೆ ಅಂಗೈಯಿಂದ ತಂತಿಗಳನ್ನು ಮುಚ್ಚಿ ನಿಲ್ಲಿಸಿದರು.

"ನಾನು ಹೇಳಿದ ಬೆಲೆಯೇ," ಎಂದರು ಹಮೀದ್ ಸಾಹೇಬರಿಗೆ. "ನುಡಿಸುವವರಿಗೆ ಮಾತ್ರ. ಇವನಿಗೆ ಬೇಡ." ಎದ್ದು ಹೊರಟುಹೋದರು.

ಅವರ ಟ್ಯಾಕ್ಸಿ ತಿರುಗುವವರೆಗೆ ನೋಡುತ್ತಿದ್ದ ಹಮೀದ್ ಸಾಹೇಬರು ಒಳಗೆ ಬಂದು, "ವೀಸಾ ಕ್ಯಾನ್ಸಲ್ ಮಾಡಿ ನಿಮ್ಮನ್ನು ಊರಿಗೆ ಕಳಿಸ್ಲಿಕ್ಕೆ ನಂಗೆ ಒಂದು ಕಾಗದ ಸಾಕು. ಅದು ಸುಲಭ," ಎಂದರು. "ಆ ಹೋಟೆಲಿನ ಮೆಲ್ವಿನ್ ಅವರಿಗೆ ನೀವೇ ಫೋನ್ ಮಾಡಿ. ಎಂತಕ್ಕೆ ಝರ್ ಅಂತ ಇತ್ತು ಹೇಳಿ. ಪೂರ್ತಿ ಹೇಳಿ. ನಾನು ಇಲ್ಲೇ ನಿಲ್ತೇನೆ."

ಮೆಲ್ವಿನ್ ಪೂರ್ತಿ ಕೇಳಿಸಿಕೊಂಡರು. "ಅಲ್ಲ ಮಾರಾಯ್ರೆ, ಮೂರು ತಿಂಗಳು ನಾನು ಆ ಡಬ್ಬ ಹಿಡ್ಕೊಂಡು ಜನರ ಎದುರು ನಿಂತದ್ದು ನಿಮ್ಮಿಂದಲಾ?" ಎಂದರು. ಫೋನ್ ಇಟ್ಟರು. ಸಂಜೆ ಬಂದು ಸಾಲಿಂ ಅವರ ಬೇಸನ್ನು ಕೊಂಡರು. ನಾನು ಪೆಟ್ಟಿಗೆಗೆ ಹಾಕಿಕೊಡಲು ಹೋದೆ. "ಮುಟ್ಟುವುದು ಬೇಡ," ಎಂದರು.

ಹೊಸಬರು ಇದೊಂದನ್ನು ತಿಳಿದಿರಬೇಕು. ನಮ್ಮ ಕಸುಬಿನಲ್ಲಿ ಮಾಡಿದ ತಪ್ಪಿನಿಂದ ಓಡಿಹೋಗಲು ಆಗುವುದಿಲ್ಲ, ಅದು ಸರ್ವಿಸಿಗೆ ಬರುತ್ತದೆ. ಆ ಊರಿನಲ್ಲಿ ಅಂಥ ಬೇಸ್ ಗಿಟಾರಿಗೆ ಕೈಹಾಕುವವನು ಬೇರೆ ಯಾರೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಮೆಲ್ವಿನ್ ಬರಲೇಬೇಕಾಯಿತು. ಬಂದು ಪೆಟ್ಟಿಗೆ ಬೆಂಚಿನ ಮೇಲಿಟ್ಟು, ನಾನು ಕೆಲಸ ಮುಗಿಸುವ ತನಕ ಎದುರಿಗೇ ಕುಳಿತಿರುತ್ತಿದ್ದರು. ಮಾತಿಲ್ಲ. ನನಗೆ ಬೇಕಾಗಿದ್ದ ವಾದ್ಯದ ತಂತಿ ಬದಲಿಸಿ, ಪಟ್ಟಿಗಳನ್ನು ಉಜ್ಜಿ, ಹದ ಮಾಡಿ ಅವರ ಕೈಗೆ ಕೊಡುವುದು. ಹಮೀದ್ ಸಾಹೇಬರ ಶಿಕ್ಷೆ ಬೇರೆ. ನಾನು ರಿಪೇರಿ ಮಾಡಿದ ಯಾವ ವಾದ್ಯವನ್ನೂ ಅವರು ಸುಮ್ಮನೆ ಗೋಡೆಗೆ ಹಾಕಲು ಬಿಡಲಿಲ್ಲ. ಒಂದು ಸ್ವರದ ಹೆಸರು ಗೊತ್ತಿಲ್ಲದ ಮನುಷ್ಯ ಪ್ರತಿ ತಂತಿಯ ಪ್ರತಿ ಪಟ್ಟಿ ಒತ್ತಿ ಮೀಟಿ ನೋಡುತ್ತಿದ್ದರು. ಗಿರಾಕಿಗಳ ಎದುರಿಗೂ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಮರೆತರೋ, ಸಾಕೆನ್ನಿಸಿತೋ, ಬಿಟ್ಟರು. ಪ್ರತಿ ಈದ್‌ಗೆ ಸಾಲಿಂ ಅವರು ಅಂಗಡಿಗೆ ಫೋನ್ ಮಾಡಿ ಬೇಸ್ ಎಲ್ಲಿ ನುಡಿಯುತ್ತಿದೆ ಎಂದು ಕೇಳುತ್ತಿದ್ದರು. ಹಮೀದ್ ಸಾಹೇಬರು ಹೇಳುತ್ತಿದ್ದರು. ನನ್ನನ್ನು ಸಾಲಿಂ ಅವರು ಕೇಳಲಿಲ್ಲ. ನಾನು ಮಾತಾಡುತ್ತೇನೆ ಎಂದು ಮುಂದೆ ಹೋಗಲೂ ಇಲ್ಲ.

ಮೂರನೇ ವರ್ಷ ಮೆಲ್ವಿನ್ ಕೆಲಸ ಮುಗಿದ ಮೇಲೆ ಎದ್ದು ಹೋಗದೆ, "ಗುರುವಾರ ಸಂಜೆ ಬನ್ನಿ ಒಮ್ಮೆ, ಮನೆಯವರನ್ನೂ ಕರ್ಕೊಂಡು," ಎಂದರು. ಹೋದೆವು. ಹೋಟೆಲಿನ ಲಾನಿನಲ್ಲಿ ಒಂದು ತುದಿಗೆ ಕುಳಿತೆವು. ಅವರು ಆ ಬೇಸ್ ಹಿಡಿದು ಹಾಡಿನ ಹಿಂದೆ ನಿಂತಿದ್ದರು, ಯಾರೂ ಅವರನ್ನು ನೋಡುತ್ತಿರಲಿಲ್ಲ. ಎಲ್ಲರ ಕಾಲು ಮಾತ್ರ ಅವರು ಹೇಳಿದ ಹಾಗೆ ಆಡುತ್ತಿತ್ತು. ಹಾಡು ಮುಗಿದಾಗ ವಿಮಲಾ, "ಅದು ಅವರ ಕೈಯಾಗ ಛಲೋ ಐತ್ರಿ," ಎಂದಳು. ಹೌದು ಎಂದೆ. ಚುಚ್ಚಿತು, ಆದರೂ ಹೌದು.

ದಶಕ ಮುಗಿಯುತ್ತ ಬಂದಂತೆ ಕಸುಬು ಬದಲಾಯಿತು. ಗಿರಾಕಿಗಳು ಇಂಟರ್‌ನೆಟ್ಟಿನಿಂದ ಹಾಳೆ ಮುದ್ರಿಸಿಕೊಂಡು ಬಂದು ನನಗೇ ಪಾಠ ಹೇಳುತ್ತಿದ್ದರು. ಅಂಗಡಿಯಲ್ಲಿ ನುಡಿಸಿ ನೋಡಿ, ಬೆಲೆ ಕೇಳಿ, ಮನೆಗೆ ಹೋಗಿ ಬೇರೆಲ್ಲಿಂದಲೋ ತರಿಸುತ್ತಿದ್ದರು. ಹೋಟೆಲುಗಳು ಐದು ಜನರ ಬ್ಯಾಂಡ್ ಬಿಟ್ಟು ಒಬ್ಬ ಹಾಡುವವಳು, ಒಂದು ಕೀಬೋರ್ಡಿಗೆ ಇಳಿದವು; ಬೇಸ್ ಕೀಬೋರ್ಡಿನೊಳಗಿನಿಂದಲೇ ಬರುತ್ತಿತ್ತು. ಮೆಲ್ವಿನ್ ಅವರ ಕರಾರು ಮುಗಿಯಿತು. ಮಂಗಳೂರಿಗೆ ಹೊರಟವರು ಪೆಟ್ಟಿಗೆ ತಂದು ನನ್ನ ಬೆಂಚಿನ ಮೇಲಿಟ್ಟರು.

"ಅಲ್ಲಿ ಹೋಗಿ ನಾನು ಮಾವನ ಬೇಕರಿ ನೋಡಿಕೊಳ್ಳುವುದು. ಇದನ್ನು ಪುನಃ ವಿಮಾನಕ್ಕೆ ಹಾಕ್ಲಿಕ್ಕೆ ಧೈರ್ಯ ಇಲ್ಲ," ಎಂದರು. "ನಿಮಗೆ ಬೇಕಿದ್ರೆ ನೀವೇ ತಗೊಳ್ಳಿ ಬಸವರಾಜಣ್ಣ. ನಂಗೆ ಬೇಜಾರಿಲ್ಲ."

ನನ್ನ ಕೈಯಲ್ಲಿ ಆಗ ಹಣವಿತ್ತು. ಹೂಂ ಎಂದಿದ್ದರೆ ಆಗಿಹೋಗುತ್ತಿತ್ತು. "ಒಂದು ತಿಂಗಳು ಗೋಡೆ ಮ್ಯಾಲ ಇರ್ಲಿ," ಎಂದೆ. ಯಾಕೆ ಹಾಗೆ ಹೇಳಿದೆನೆಂದು ವಿಮಲಾ ಎಷ್ಟೋ ಸಲ ಕೇಳಿದ್ದಾಳೆ. ನುಡಿಸುವವರಿಗೆ ಮಾತ್ರ ಎಂದು ಸಾಲಿಂ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು.

ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ಅದನ್ನು ಹದ ಮಾಡಿದೆ. ಮೆಲ್ವಿನ್ ಹೇಳಿದ ಬೆಲೆಯ ಚೀಟಿ ಕಟ್ಟಿ ಗೋಡೆಗೆ, ಬಾಗಿಲಿನಿಂದಲೇ ಕಾಣುವ ಜಾಗಕ್ಕೆ ಹಾಕಿದೆ. ಮತ್ತೆ ಅದೇ ಗಂಟೆ, ಅದೇ ತಲೆ ಎತ್ತುವುದು. ಬಂದವರಿಗೆಲ್ಲ ನಾನೇ ಇಳಿಸಿಕೊಟ್ಟೆ. ಸವೆದ ಪಟ್ಟಿ ಯಾವುದು, ಬದಲಿಸಿದ ಗುಂಡಿ ಯಾವುದು, ಇದರ ದನಿ ಯಾಕೆ ಬೇರೆ ಕಡೆ ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಒಬ್ಬ ಎರಡು ಸಲ ಬಂದ. ಇನ್ನೊಬ್ಬ ಫೋಟೊ ತೆಗೆದುಕೊಂಡು ಹೋದ. ಮೂರನೆಯವನು ಹೊಸದರಲ್ಲಿ ಇದೇ ಬಣ್ಣ ಇದೆಯೇ ಎಂದು ಕೇಳಿದ. ತಿಂಗಳು ಕಳೆಯಿತು, ಮೇಲೆ ಒಂದು ವಾರವೂ ಆಯಿತು. ಹಮೀದ್ ಸಾಹೇಬರು ಬಿಲ್ ಪುಸ್ತಕ ತೆಗೆದು, "ಸಾಕು ಮಾರಾಯ್ರೆ, ಎಷ್ಟು ದಿನ ಅಂತ ಹೀಗೆ ಬಾಗಿಲು ನೋಡುವುದು? ಹೆಸರು ಹೇಳಿ," ಎಂದರು. ಗೊತ್ತಿದ್ದ ನನ್ನ ಹೆಸರನ್ನೇ ಕೇಳಿ ಬರೆದುಕೊಂಡರು. ಚೀಟಿಯಲ್ಲಿದ್ದಷ್ಟೇ ಕೊಟ್ಟೆ. ಮಂಗಳೂರಿಗೆ ಅಷ್ಟೂ ಕಳಿಸಿದೆವು.

ಆ ಶುಕ್ರವಾರ ಬೆಳಗ್ಗೆ ಮವಾಲೇಹ್‌ನ ಮನೆಯಲ್ಲಿ ಬೇಸನ್ನು ಮಂಚದ ಮೇಲಿಟ್ಟು ಅದರ ಸುತ್ತ ತಿರುಗಾಡಿದೆ. ಮುಟ್ಟಲಾಗಲಿಲ್ಲ. ಕಡೆಗೆ ಸಾಲಿಂ ಅವರ ನಂಬ್ರಕ್ಕೆ ಫೋನ್ ಮಾಡಿದೆ. ಅವರೇ ಎತ್ತಿದರು, ಧ್ವನಿ ಇಳಿದಿತ್ತು. ಮೆಲ್ವಿನ್ ಊರಿಗೆ ಹೋದದ್ದು, ಬೇಸ್ ಗೋಡೆಯ ಮೇಲೆ ಇದ್ದದ್ದು, ಎಲ್ಲ ಹೇಳಿದೆ.

"ಯಾರು ಕೊಂಡರು?"

"ನಾನು."

ಸಂಪರ್ಕ ತಪ್ಪಿತೆಂದು ನಾನು ಫೋನನ್ನು ಎರಡು ಸಲ ನೋಡಿದೆ.

"ಫೋನ್ ಅದರ ಹತ್ತಿರ ಇಡು," ಎಂದರು. "ಮೀಟು."

ಅಂಗಡಿಯಿಂದ ತಂದಿದ್ದ ಸಣ್ಣ ಆಂಪ್‌ಗೆ ಬೇಸ್ ಜೋಡಿಸಿ, ಫೋನನ್ನು ಅದರ ಮುಂದೆ ಇಟ್ಟು ದಪ್ಪ ತಂತಿಯಿಂದ ಶುರುಮಾಡಿ ನಾಲ್ಕನ್ನೂ ಮೀಟಿದೆ. ವಿಮಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಫೋನಿನೊಳಗಿಂದ ಸಣ್ಣ ದನಿ ಬಂತು: "ಎರಡನೇ ತಂತಿ ಇಳಿದಿದೆ."

ಹಿಂದಿನ ದಿನ ಅಂಗಡಿಯಲ್ಲೇ ಟ್ಯೂನರ್ ಹಿಡಿದು ಶ್ರುತಿ ಮಾಡಿದ್ದೆ, ಆದರೂ ಕೇಳಿದೆ, ಇಳಿದಿತ್ತು, ಕೂದಲೆಳೆಯಷ್ಟು. ಬಿರಡೆ ತಿರುಗಿಸಿದೆ.

"ಇನ್ನೂ."

ತಿರುಗಿಸಿದೆ.

"ಬಸ್. ಯಲ್ಲಾ, ಈಗ ನುಡಿಸು."

"ನನಗೆ ಬರುವುದಿಲ್ಲ," ಎಂದೆ.

"ಗೊತ್ತು," ಎಂದರು ಸಾಲಿಂ. "ಮೊದಲ ತಂತಿ, ಮೂರನೇ ಪಟ್ಟಿ. ಬೆರಳು ಇಡು."